ಚೆಂಡು ನೆಲ ಬಿಡಬಾರದು

ಹೊಸ ಕೋಚು ಬಂದು ಇವತ್ತಿಗೆ ಹದಿನೇಳು ದಿನ.
ಹೆಸರು ಇನ್ನಾಸಿಮುತ್ತು. ಮಾರಿಕುಪ್ಪಂ ಸ್ಟೇಷನ್ನಿನಲ್ಲಿ
ಹಳಿ ನೋಡಿಕೊಂಡಿದ್ದವನು.
ಮಾತು ಕಡಿಮೆ, ಹಲ್ಲು ಇನ್ನೂ ಕಡಿಮೆ.
ಮೊದಲ ದಿನ ಹುಡುಗರನ್ನು ಗೋಡೆ ನೆರಳಿಗೆ ಕೂರಿಸಿ
ಒಂದೇ ಒಂದು ಮಾತು ಹೇಳಿದ:
ಚೆಂಡು ನೆಲ ಬಿಡಬಾರದು.
ಬಿಟ್ಟವನು ಮನೆಗೆ ಹೋಗಬಹುದು.

ನಾನು ಗೋಡೆಯ ಈಚೆ ಕಡಲೆಕಾಯಿ ಸುಲಿಯುತ್ತಿದ್ದೆ. ಕೇಳಿಸಿತು.
ಮೂವತ್ತೊಂದು ವರ್ಷ ಕರೆಂಟಿನ ಕಂಬ ಹತ್ತಿದವನು ನಾನು.
ಎಂಟನೇ ಲೈನ್ ತಂಡ ಸೋತದ್ದನ್ನೆಲ್ಲ
ಮೇಲಿನಿಂದಲೇ ನೋಡಿದ್ದೇನೆ.
ಮೇಲಿನಿಂದ ಸೋಲು ಬಹಳ ಚೆನ್ನಾಗಿ ಕಾಣುತ್ತದೆ.

ಹೇಗೆ ಸೋಲುತ್ತಿದ್ದೆವು, ಹೇಳಲೇ?
ಗೋಲಿ ದೊಡ್ಡದಾಗಿ ಒದೆಯುತ್ತಿದ್ದ.
ಚೆಂಡು ಹೋಗಿ ಹೋಗಿ ನನ್ನ ತಂತಿಗಳಿಗಿಂತ ಮೇಲೇರಿ,
ಕೆಳಗಿನ ಜನವೆಲ್ಲ ಓ ಎಂದು,
ಅಷ್ಟರಲ್ಲಿ ಸಯನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದು
ಬಿಳಿ ಧೂಳಿನ ಜೊತೆ ಚೆಂಡನ್ನೂ ತಿರುಗಿಸಿ
ಬಂಗಾರಪೇಟೆಯವರ ಕಾಲಿಗೇ ತಂದಿಡುತ್ತಿತ್ತು,
ನೆಂಟರಿಗೆ ನೀರಿನ ಚೊಂಬು ಇಟ್ಟ ಹಾಗೆ.
ಆಮೇಲೆ ಅವರು ಬರುತ್ತಿದ್ದರು. ನಾವು ನೋಡುತ್ತಿದ್ದೆವು.
ಹೋದ ಕೋಚು, ಅವನ ಹಿಂದಿನವನು, ಅವನಿಗೂ ಹಿಂದಿನವನು,
ಎಲ್ಲರಿಗೂ ಆಕಾಶದ ಮೇಲೆ ಅದೇನೋ ನಂಬಿಕೆ.

ಇನ್ನಾಸಿಗೆ ಇಲ್ಲ.
ಅವನದು ಕಾಲಿನ ಲೆಕ್ಕ.
ಅಂಟಿಸಿಕೊಂಡು ನಾಲ್ಕು ಹೆಜ್ಜೆ ಓಡು.
ತಡೆದರೆ ಪಕ್ಕದವನಿಗೆ ಕೊಡು, ಅವನದೊಂದು ನಾಲ್ಕು.
ಬಿದ್ದೆಯಾ, ಏಳು, ಬಿದ್ದ ಜಾಗದಿಂದಲೇ ಮತ್ತೆ.
ಅಂದವಿಲ್ಲ, ಚೆಂದವಿಲ್ಲ, ಚಪ್ಪಾಳೆಗೆ ಸಂದಿಯಿಲ್ಲ.
ಕಟ್ಟೆ ಮೇಲಿನವರು ಗೊಣಗುತ್ತಾರೆ:
ಇದೇನ್ ಫುಟ್ಬಾಲೋ, ರಾಗಿ ಹೊಲಕ್ಕೆ ಕುಂಟೆ ಹೊಡೆಯೋದೋ?
ಹೌದಪ್ಪ, ಕುಂಟೆಯೇ.
ಕುಂಟೆ ಹೊಡೆಯದೆ ಮುದ್ದೆ ಉಂಡವರು ಯಾರಿದ್ದೀರಿ, ಕೈ ಎತ್ತಿ.

ಇಲ್ಲಿ ಗಣಿಯ ಮಾತು ಬರಬೇಕೆಂದು ಕಾಯುತ್ತಿದ್ದೀರಿ.
ದಿನಕ್ಕೆ ಮೂರಡಿ ಕತ್ತಲೆ ಕೊರೆದ ತಾತಂದಿರು, ಇತ್ಯಾದಿ.
ಬೇಡ. ಈ ಊರಲ್ಲಿ ಸೈಕಲ್ಲಿಗೆ ಪಂಕ್ಚರ್ ಹಾಕುವಾಗಲೂ
ಗಣಿ ನೆನೆಯುತ್ತಾರೆ, ಸಾಕಾಗಿದೆ.
ಈ ಹುಡುಗರು ಹುಟ್ಟುವ ಹೊತ್ತಿಗೆ ಸೈರನ್ನೇ ನಿಂತಿತ್ತು.
ಇವರು ಓಡುವುದು ಇವರ ಓಟ.

ಗಂಗಿರೆಡ್ಡಿಯನ್ನು ನೋಡಿ.
ತೊಡೆ ಎರಡೂ ಒರಳುಕಲ್ಲು.
ಎಗರಿ ತಲೆ ಕೊಡಲು ಬಾರದೆಂದು ಎರಡು ವರ್ಷ
ನೀರಿನ ಕ್ಯಾನು ಹೊತ್ತ.
ಈಗ ಇನ್ನಾಸಿ ಅವನನ್ನೇ ಮುಂದೆ ನಿಲ್ಲಿಸಿದ್ದಾನೆ.
ಪಕ್ಕದಲ್ಲಿ ದಸ್ತಗೀರ, ಊದುಬತ್ತಿಯಂಥವನು,
ಹೊಗೆಯ ಹಾಗೆ ಎಲ್ಲಿಂದಲೋ ನುಸುಳುವವನು.
ಮೊನ್ನೆ ಪೊಲೀಸು ಹುಡುಗರ ಎದುರು ಒಂದು ಗೋಲಿನಿಂದ ಸೋತೆವು,
ನಿಜ.
ಆದರೆ ಎಪ್ಪತ್ತು ನಿಮಿಷ ಚೆಂಡು ನಮ್ಮ ಹತ್ತಿರವೇ ಇತ್ತು!
ಎಷ್ಟೋ ವರ್ಷದ ಮೇಲೆ
ಸೋತು ಬಂದು ಹೊಟ್ಟೆ ತುಂಬ ಊಟ ಮಾಡಿದೆ.

ಮಂಡಿ ಸವೆದು ನಾನು ಕಂಬ ಹತ್ತುವುದು ಮುಗಿಯಿತು.
ಈಗ ಲೈನಿನ ಪಕ್ಕದಲ್ಲೇ ಕುರ್ಚಿ.
ಇಲ್ಲಿ ಕೂತ ಮೇಲೆ ಗೊತ್ತಾಗಿದ್ದು,
ಚೆಂಡಿಗೆ ಸದ್ದಿದೆ.
ಜಲ್ಲಿ ನೆಲದ ಮೇಲೆ ಸರಸರ, ಸರಸರ,
ಯಾರೋ ಅಕ್ಕಿ ಕೇರುತ್ತಿದ್ದಾರೆ ಅನ್ನುವಂತೆ.
ಮೇಲೆ ಇದ್ದಷ್ಟು ಕಾಲ ಕೇಳಿರಲೇ ಇಲ್ಲ.

ಕಪ್ಪು ಗೆಲ್ಲುತ್ತೇವೆ ಎಂದು ನಾನೇನೂ ಹೇಳುವುದಿಲ್ಲ.
ಹೇಳಿ ಹೇಳಿ ನಾಲಿಗೆ ಮೇಲೆ ಮಚ್ಚೆ ಬಿದ್ದಿದೆ.
ಭಾನುವಾರ ಮೂರೂವರೆಗೆ ಬಂಗಾರಪೇಟೆಯವರು ಬರುತ್ತಾರೆ,
ಗಾಳಿಯೂ ಬರುತ್ತದೆ, ಅದು ತಪ್ಪಿಸುವುದಿಲ್ಲ.
ಬರಲಿ. ಬಂದು ಏನನ್ನು ಎತ್ತಿಕೊಂಡು ಹೋಗುತ್ತದೋ ನೋಡೋಣ.

ಒಂದು ಮಾತ್ರ ಒಪ್ಪಿಕೊಂಡುಬಿಡುತ್ತೇನೆ.
ನಿನ್ನೆ ಅಭ್ಯಾಸದಲ್ಲಿ ಗಂಗಿರೆಡ್ಡಿಯನ್ನು ಮೂವರು ಮುತ್ತಿದಾಗ
ಎದ್ದು ನಿಂತು ಕೂಗಿದವನು ನಾನೇ:
ಎತ್ತಿ ಹೊಡೆಯೋ, ಮೇಲಕ್ಕೆ ಹೊಡೆಯೋ!
ಇನ್ನಾಸಿ ತಿರುಗಿ ನೋಡಿದ. ಏನೂ ಅನ್ನಲಿಲ್ಲ.
ನಾನು ಕಡಲೆಕಾಯಿ ಪೊಟ್ಟಣ ನೋಡಿಕೊಂಡೆ.
ಪುಣ್ಯಕ್ಕೆ ಹುಡುಗನಿಗೆ ಕೇಳಿಸಿರಲಿಲ್ಲ.
ತಲೆ ತಗ್ಗಿಸಿ, ಭುಜ ಕೊಟ್ಟು,
ಒಂದು, ಎರಡು, ಮೂರು